ಎಚ್.ಐ.ವಿ.: ಹರಡುವ ದಾರಿ, ಹರಡದ ದಾರಿ

ಹಾಸನ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಸಕಲೇಶಪುರ, ಆಲೂರುಗಳ ಬೆಟ್ಟಸೀಮೆ ಇಂದು ಕಾಫಿ, ಏಲಕ್ಕಿ, ಮೆಣಸುಗಳಿಗೆ ಹೆಸರಾಗಿದೆ. ಇದೇ ಸೀಮೆ ಒಂದು ಕಾಲದಲ್ಲಿ ಚಳಿಜ್ವರಕ್ಕೂ ಹೆಸರಾಗಿದ್ದಿತು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಅಂಜುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಜ್ವರಕ್ಕೆ ಕಾಡಿನ ನೀರು, ಕೆಟ್ಟ ಗಾಳಿಗಳೇ ಕಾರಣವೆಂದು ಜನ ನಂಬಿದ್ದರು. 'ಮಲೇರಿಯಾ' ಎಂಬ ಇಟಲಿಯ ಮಾತಿಗೂ 'ಕೆಟ್ಟ ಗಾಳಿ' ಎಂದೇ ಅರ್ಥ. 1897ರಲ್ಲಿ ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. ಶತ್ರುವು ಗಾಳಿಯಲ್ಲ, ಸೊಳ್ಳೆ ಎಂಬುದು ಗೊತ್ತಾದ ಮೇಲೆ ಹೋರಾಟಕ್ಕೆ ದಿಕ್ಕು ದೊರೆಯಿತು.

ರೋಗವು ಹರಡುವ ದಾರಿಯನ್ನು ಅರಿಯುವುದರಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದಾಗಿ, ಆ ದಾರಿಯನ್ನು ಮುಚ್ಚಬಹುದು. ಎರಡನೆಯದಾಗಿ, ರೋಗವು ಹರಡದ ದಾರಿಗಳ ವಿಷಯದಲ್ಲಿ ಭಯವನ್ನು ಬಿಡಬಹುದು. ನಮ್ಮ ಕಾಲದ ಎಚ್.ಐ.ವಿ. ಸೋಂಕಿನ ವಿಷಯದಲ್ಲಿ ಈ ಎರಡನೆಯ ಪ್ರಯೋಜನವನ್ನು ನಾವು ಇನ್ನೂ ಪೂರ್ತಿಯಾಗಿ ಪಡೆದಿಲ್ಲ. 2023ರ ಅಂದಾಜಿನಂತೆ ಭಾರತದಲ್ಲಿ ಸುಮಾರು 25 ಲಕ್ಷ ಜನ ಈ ಸೋಂಕಿನೊಡನೆ ಬಾಳುತ್ತಿದ್ದರು. ಆದುದರಿಂದ ವಿಷಯವನ್ನು ಮೊದಲಿನಿಂದ ಪರಿಶೀಲಿಸೋಣ.

ವೈರಸಿನ ಕೆಲಸ

ಏಡ್ಸ್ ರೋಗವನ್ನು ವೈದ್ಯರು ಮೊದಲು ಗುರುತಿಸಿದ್ದು 1981ರಲ್ಲಿ, ಅಮೆರಿಕೆಯಲ್ಲಿ. ಅದಕ್ಕೆ ಕಾರಣವಾದ ವೈರಸನ್ನು 1983ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ವಿಜ್ಞಾನಿಗಳು ಬೇರ್ಪಡಿಸಿದರು. ಈ ಶೋಧಕ್ಕಾಗಿ ಫ್ರಾನ್ಸ್ವಾಸ್ ಬಾರೆ-ಸಿನುಸಿ ಮತ್ತು ಲೂಕ್ ಮೊಂಟಾನ್ಯೆ ಅವರಿಗೆ 2008ರ ನೊಬೆಲ್ ಬಹುಮಾನ ಸಂದಿತು. ಭಾರತದಲ್ಲಿ 1986ರಲ್ಲಿ ಚೆನ್ನೈಯಲ್ಲಿ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಈ ಸೋಂಕನ್ನು ಮೊದಲು ಪತ್ತೆಮಾಡಿದರು.

ಈ ವೈರಸಿನ ಅಗಲ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗ. ನಮ್ಮ ರಕ್ತದಲ್ಲಿ ರೋಗಾಣುಗಳೊಡನೆ ಹೋರಾಡುವ ಬಿಳಿಯ ಕಣಗಳಲ್ಲಿ ಸಿ.ಡಿ. 4 ಎಂಬುದೊಂದು ಬಗೆಯಿದೆ. ಉಳಿದ ರಕ್ಷಕ ಕಣಗಳನ್ನು ಎಚ್ಚರಿಸಿ ಕೆಲಸಕ್ಕೆ ಹಚ್ಚುವ ಮೇಸ್ತ್ರಿಗಳೆಂದರೆ ಇವೇ. ಎಚ್.ಐ.ವಿ.ಯು ಹೊಕ್ಕುವುದು ಈ ಮೇಸ್ತ್ರಿಯನ್ನೇ. ಹೊಕ್ಕ ಮೇಲೆ ತನ್ನ ಆರ್.ಎನ್.ಎ. ಎಳೆಯನ್ನು ಒಂದು ಕಿಣ್ವದ ನೆರವಿನಿಂದ ಡಿ.ಎನ್.ಎ.ಯಾಗಿ ಮಾರ್ಪಡಿಸಿ, ಮತ್ತೊಂದು ಕಿಣ್ವದ ನೆರವಿನಿಂದ ಅದನ್ನು ಕಣದ ಡಿ.ಎನ್.ಎ.ಯೊಳಕ್ಕೆ ಹೊಲಿದುಬಿಡುತ್ತದೆ. ಅಂದಿನಿಂದ ಆ ಕಣವೇ ವೈರಸುಗಳ ಕಾರ್ಖಾನೆ.

ಆರೋಗ್ಯವಂತರ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1500ರವರೆಗೆ ಸಿ.ಡಿ. 4 ಕಣಗಳಿರುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಈ ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತದೆ. ಅದು 200ಕ್ಕಿಂತ ಕೆಳಗಿಳಿದಾಗ, ಅಥವಾ ಕೆಲವು ಗೊತ್ತಾದ ತೀವ್ರ ರೋಗಗಳು ಅಡರಿದಾಗ, ಆ ಅವಸ್ಥೆಗೆ ಏಡ್ಸ್ ಎಂದು ಹೆಸರು. ನಮ್ಮ ದೇಶದಲ್ಲಿ ಹೀಗೆ ಅಡರುವ ರೋಗಗಳಲ್ಲಿ ಕ್ಷಯವೇ ಮುಖ್ಯವಾದುದು. ಎಚ್.ಐ.ವಿ. ಸೋಂಕೂ ಏಡ್ಸೂ ಒಂದೇ ಅಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಸೋಂಕು ತಗುಲಿದವರು ಅನೇಕ ವರ್ಷಗಳವರೆಗೆ ಯಾವ ಲಕ್ಷಣವೂ ಇಲ್ಲದೆ ಇರಬಹುದು. ಮುಖವನ್ನು ನೋಡಿ ಸೋಂಕನ್ನು ಹೇಳಲಾಗದು, ರಕ್ತಪರೀಕ್ಷೆಯೊಂದೇ ಹೇಳಬಲ್ಲುದು.

ಹರಡುವ ದಾರಿಗಳು

ಈ ವೈರಸು ಹರಡುವ ದಾರಿಗಳು ಕೆಲವೇ. ಸೋಂಕುಳ್ಳವರೊಡನೆ ಕಾಂಡೋಮಿನ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ. ಸೋಂಕಿನ ರಕ್ತವನ್ನು ಪಡೆಯುವುದು. ಒಬ್ಬರು ಬಳಸಿದ ಸೂಜಿ, ಸಿರಿಂಜುಗಳನ್ನು ಮತ್ತೊಬ್ಬರು ಬಳಸುವುದು. ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ ದಾಟುವುದು.

ಈ ಪ್ರತಿಯೊಂದು ದಾರಿಗೂ ಬಾಗಿಲುಂಟು. ಕಾಂಡೋಮನ್ನು ಸರಿಯಾಗಿ, ಪ್ರತಿಸಲವೂ ಬಳಸುವುದು ಮೊದಲನೆಯ ಬಾಗಿಲು. ರಕ್ತನಿಧಿಗಳಲ್ಲಿ ದಾನಿಗಳ ರಕ್ತವನ್ನು ಕಡ್ಡಾಯವಾಗಿ ಪರೀಕ್ಷಿಸುವುದು ಎರಡನೆಯದು. ಪ್ರತಿಯೊಬ್ಬರಿಗೂ ಹೊಸ ಸೂಜಿಯನ್ನೇ ಬಳಸುವುದು ಮೂರನೆಯದು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ನೂರಕ್ಕೆ 15ರಿಂದ 45ರವರೆಗೆ ಇರುತ್ತದೆ. ಗರ್ಭಿಣಿಗೆ ಸಕಾಲದಲ್ಲಿ ಪರೀಕ್ಷೆ ಮಾಡಿ ಔಷಧ ಕೊಟ್ಟರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಆಕಸ್ಮಿಕವಾಗಿ ಸೋಂಕಿನ ಸೂಜಿ ಚುಚ್ಚಿದವರು 72 ಗಂಟೆಗಳೊಳಗಾಗಿ, ಎಷ್ಟು ಬೇಗನೆ ಆದೀತೊ ಅಷ್ಟು ಒಳ್ಳೆಯದು, ವೈದ್ಯರ ಸಲಹೆಯಂತೆ ಔಷಧವನ್ನು ಆರಂಭಿಸಿ 28 ದಿನ ಸೇವಿಸಿದರೆ ಸೋಂಕನ್ನು ತಡೆಯಬಹುದು.

ಸೊಳ್ಳೆಯೂ ಉಂಬಳವೂ

ಮಲೆನಾಡಿನ ವಿದ್ಯಾರ್ಥಿಯು ಇಲ್ಲಿ ನ್ಯಾಯವಾದ ಪ್ರಶ್ನೆಯೊಂದನ್ನು ಕೇಳಬಹುದು: 'ರಕ್ತದಿಂದ ಹರಡುವ ರೋಗವಾದರೆ, ರಕ್ತ ಹೀರುವ ಸೊಳ್ಳೆಯಿಂದ ಏಕೆ ಹರಡದು?' ಮಲೇರಿಯಾ ಪರಾವಲಂಬಿಗೆ ಸೊಳ್ಳೆಯ ದೇಹವೇ ಬೆಳೆಯುವ ಮನೆ. ಅದು ಅಲ್ಲಿ ವೃದ್ಧಿಗೊಂಡು ಜೊಲ್ಲಿನ ಗ್ರಂಥಿಯನ್ನು ಸೇರುತ್ತದೆ. ಎಚ್.ಐ.ವಿ.ಗೆ ಬೇಕಾದ ಸಿ.ಡಿ. 4 ಕಣಗಳು ಸೊಳ್ಳೆಯಲ್ಲಿಲ್ಲ. ಆದುದರಿಂದ ಅದು ಅಲ್ಲಿ ವೃದ್ಧಿಯಾಗದೆ ರಕ್ತದೊಡನೆ ಜೀರ್ಣವಾಗಿ ಹೋಗುತ್ತದೆ. ಅಲ್ಲದೆ ಸೊಳ್ಳೆಯ ಸೊಂಡಿಲಿನಲ್ಲಿ ರಕ್ತವನ್ನು ಹೀರುವ ನಾಳ ಬೇರೆ, ಜೊಲ್ಲನ್ನು ಬಿಡುವ ನಾಳ ಬೇರೆ. ಅದು ನಮ್ಮೊಳಕ್ಕೆ ಬಿಡುವುದು ತನ್ನ ಜೊಲ್ಲನ್ನೇ ಹೊರತು ಹಿಂದೆ ಕುಡಿದ ರಕ್ತವನ್ನಲ್ಲ. ಮಳೆಗಾಲದಲ್ಲಿ ತೋಟಕ್ಕೆ ಕಾಲಿಟ್ಟವರನ್ನೆಲ್ಲ ಹಿಡಿಯುವ ಉಂಬಳಕ್ಕೂ ಈ ಸೋಂಕು ಹರಡುವ ದಾರಿಗಳ ಪಟ್ಟಿಯಲ್ಲಿ ಸ್ಥಾನವಿಲ್ಲ.

ಜೊಲ್ಲು, ಬೆವರು, ಕಣ್ಣೀರುಗಳಿಂದ ಈ ವೈರಸು ಹರಡುವುದಿಲ್ಲ. ಒಂದೇ ತಟ್ಟೆ, ಒಂದೇ ಲೋಟ, ಒಂದೇ ಬಚ್ಚಲು, ಒಂದೇ ಕಂಬಳಿ, ಕೆಮ್ಮು, ಕೈಕುಲುಕು, ಅಪ್ಪುಗೆ, ಒಂದೇ ಬೆಂಚಿನ ಮೇಲೆ ಕುಳಿತು ಓದುವುದು: ಇವಾವುವೂ ದಾರಿಗಳಲ್ಲ. ಸೋಂಕುಳ್ಳವರು ಮಾಡಿದ ಅಡಿಗೆಯನ್ನು ಉಣ್ಣಬಹುದು. ಅವರ ಪಕ್ಕದ ಸಾಲಿನಲ್ಲಿ ನಿಂತು ಕಾಫಿ ಕೊಯ್ಯಬಹುದು.

ಔಷಧದ ಬಲ

ಎಚ್.ಐ.ವಿ.ಯನ್ನು ದೇಹದಿಂದ ಬುಡಸಹಿತ ಕೀಳುವ ಔಷಧ ಸಾಮಾನ್ಯ ಬಳಕೆಗೆ ಇನ್ನೂ ಬಂದಿಲ್ಲ, ಕಣಗಳ ಡಿ.ಎನ್.ಎ.ಯೊಳಗೆ ಅದು ಅಡಗಿ ಕುಳಿತಿರುವುದೇ ಇದಕ್ಕೆ ಕಾರಣ. ಆದರೆ ಅದರ ವೃದ್ಧಿಯನ್ನು ನಿಲ್ಲಿಸುವ ಔಷಧಗಳಿವೆ. ಟೆನೊಫೊವಿರ್, ಲ್ಯಾಮಿವುಡಿನ್ ಎಂಬುವು ನಾವು ಮೇಲೆ ಹೇಳಿದ ಮೊದಲ ಕಿಣ್ವವನ್ನು ಕಟ್ಟಿಹಾಕುತ್ತವೆ, ಡೊಲುಟೆಗ್ರಾವಿರ್ ಎರಡನೆಯದನ್ನು. ಮೂರನ್ನೂ ಸೇರಿಸಿದ ಒಂದೇ ಮಾತ್ರೆಯನ್ನು ದಿನಕ್ಕೊಮ್ಮೆ ನುಂಗಿದರಾಯಿತು. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸರಕಾರಿ ಆಸ್ಪತ್ರೆಗಳಲ್ಲಿ 2004ರ ಏಪ್ರಿಲ್ 1ರಿಂದ ಈ ಬಗೆಯ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಆರಂಭಿಸಲಾಯಿತು. 2017ರಿಂದ ಸಿ.ಡಿ. 4 ಸಂಖ್ಯೆ ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಜಾರಿಗೆ ಬಂದಿತು.

ನಿಯಮ ತಪ್ಪದೆ ಮಾತ್ರೆ ಸೇವಿಸುವವರ ರಕ್ತದಲ್ಲಿ ವೈರಸು ಪರೀಕ್ಷೆಗೂ ಸಿಕ್ಕದಷ್ಟು ಕಡಿಮೆಯಾಗುತ್ತದೆ. ಹಾಗೆ ಸಿಕ್ಕದ ಮಟ್ಟದಲ್ಲಿಯೇ ಅದನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ದಾಟುವುದಿಲ್ಲವೆಂಬುದು ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ಕುರಿತು ಯೂರೋಪಿನಲ್ಲಿ ನಡೆದು 2016, 2019ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ದೃಢಪಟ್ಟಿದೆ. ಎಂದರೆ, ರೋಗಿಯನ್ನು ಕಾಪಾಡುವ ಮಾತ್ರೆಯೇ ಸಮಾಜವನ್ನೂ ಕಾಪಾಡುತ್ತದೆ.

ತಿರಸ್ಕಾರವು ಮಾಡುವ ಕೆಡುಕು

ಈಗ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ನವೆಂಬರಿನಿಂದ ಮಾರ್ಚಿಯವರೆಗೆ, ಮೊದಲು ಅರೇಬಿಕಾ, ಬಳಿಕ ರೊಬಸ್ಟಾ, ಕಾಫಿಯ ಕೊಯಿಲು ನಡೆಯುತ್ತದೆ. ದೂರದ ಊರುಗಳಿಂದ ಬಂದ ಕೂಲಿಗಾರರು ತೋಟದ ಲೈನು ಮನೆಗಳಲ್ಲಿ ತಂಗುತ್ತಾರೆ. ಅವರಲ್ಲೊಬ್ಬನಿಗೆ ಸೋಂಕಿದೆ, ಔಷಧವೂ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಒಂದೇ ಕೋಣೆಯಲ್ಲಿ ಹಲವರು ಮಲಗುವೆಡೆ ಮಾತ್ರೆಯ ಡಬ್ಬಿಯನ್ನು ತೆರೆಯಲು ಅವನು ಅಂಜುತ್ತಾನೆ. ಯಾರಾದರೂ ಕಂಡು ರೈಟರಿಗೆ ಹೇಳಿದರೆ ಕೆಲಸ ಹೋದೀತು. ಊರಿಗೆ ಸುದ್ದಿ ಮುಟ್ಟಿದರೆ ಮಗಳ ಮದುವೆ ನಿಂತೀತು. ಒಂದು ದಿನ ಬಿಡುತ್ತಾನೆ, ಆಮೇಲೆ ಒಂದು ವಾರ, ಆಮೇಲೆ ಪೂರ್ತಿಯಾಗಿಯೇ. ಅಡಗಿದ್ದ ವೈರಸು ಮತ್ತೆ ವೃದ್ಧಿಗೊಳ್ಳುತ್ತದೆ. ಔಷಧಕ್ಕೆ ಬಗ್ಗದ ಬಗೆಯೂ ಹುಟ್ಟಬಹುದು. ಕ್ಷಯ ಅಡರುತ್ತದೆ. ಊರಿಗೆ ಮರಳಿದ ಮೇಲೆ ಹೆಂಡತಿಗೂ ಸೋಂಕು ದಾಟಬಹುದು. ಮಾಡದ ತಪ್ಪಿಗೆ ಜನರ ನಿಂದೆಯನ್ನು ಹೊರುವವಳೂ ಅನೇಕ ವೇಳೆ ಅವಳೇ.

ಇಲ್ಲಿ ಕೆಡುಕು ಆರಂಭವಾದದ್ದು ವೈರಸಿನಿಂದಲ್ಲ, ನೆರೆಯವರ ಭಯದಿಂದ. ಹೊರಗಿನಿಂದ ಬಂದವರೇ ರೋಗ ತರುವವರೆಂದಾಗಲಿ, ಶಿರಾಡಿ ಘಾಟಿಯನ್ನು ಹಾದುಹೋಗುವ ಲಾರಿಯವರೇ ಕಾರಣವೆಂದಾಗಲಿ ಬೆರಳು ತೋರಿಸುವುದು ಶಾಸ್ತ್ರೀಯವಲ್ಲ. ವೈರಸು ಜಾತಿಯನ್ನಾಗಲಿ ವೃತ್ತಿಯನ್ನಾಗಲಿ ಕೇಳುವುದಿಲ್ಲ. ದಾರಿ ತೆರೆದಿದೆಯೆ ಎಂಬುದಷ್ಟೇ ಅದಕ್ಕೆ ಮುಖ್ಯ. ಮನೆಯಿಂದಲೂ ಆಸ್ಪತ್ರೆಯಿಂದಲೂ ದೂರವಿದ್ದು ದುಡಿಯುವವನಿಗೆ ಬೇಕಾದುದು ಅನುಮಾನದ ನೋಟವಲ್ಲ. ಮಾತ್ರೆಯನ್ನು ತಡೆಯಿಲ್ಲದೆ ನುಂಗುವ ಅನುಕೂಲ. ಹೊರಡುವ ಮುನ್ನ ತನ್ನ ಎ.ಆರ್.ಟಿ. ಕೇಂದ್ರಕ್ಕೆ ತಿಳಿಸಿದರೆ, ಚಿಕಿತ್ಸೆಯನ್ನು ತಾನಿರುವ ಊರಿಗೆ ಹತ್ತಿರದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರು ದೂರದ ಹಾಸನದಲ್ಲಿ ಅಂತಹ ಕೇಂದ್ರವಿದೆ.

ಕಾನೂನೂ ಸೋಂಕುಳ್ಳವರ ಬೆಂಬಲಕ್ಕಿದೆ. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ಉದ್ಯೋಗ, ಶಿಕ್ಷಣ, ಚಿಕಿತ್ಸೆ, ಬಾಡಿಗೆ ಮನೆಗಳ ವಿಷಯದಲ್ಲಿ ಇವರಿಗೆ ಭೇದ ಮಾಡುವುದನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದಕ್ಕೂ, ಒಬ್ಬರ ಸೋಂಕಿನ ಸಂಗತಿಯನ್ನು ಬಯಲುಮಾಡುವುದಕ್ಕೂ ಅದು ತಡೆ ಹಾಕಿದೆ.

ವಿದ್ಯಾರ್ಥಿಗಳು ಮಾಡಬಹುದಾದುದು ಬಹಳವಿದೆ. ಸಂದೇಹವಿದ್ದವರಿಗೆ ಸರಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಉಚಿತವಾಗಿ, ಗುಟ್ಟಾಗಿ ಪರೀಕ್ಷೆ ದೊರೆಯುವುದೆಂದು ತಿಳಿಸಬಹುದು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಕ್ಕದಿರಬಹುದಾದುದರಿಂದ ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ಹೇಳಬಹುದು. 1097 ಎಂಬ ಉಚಿತ ಸಹಾಯವಾಣಿಯನ್ನು ನೆನಪಿಟ್ಟುಕೊಳ್ಳಬಹುದು. ಕಾಲೇಜಿನಲ್ಲಿ ರೆಡ್ ರಿಬ್ಬನ್ ಕ್ಲಬ್ ಇದ್ದರೆ ಸೇರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಸೋಂಕುಳ್ಳ ಮನೆಯ ಮಗುವೊಂದು ತರಗತಿಗೆ ಬಂದಾಗ ಅದರ ಪಕ್ಕದಲ್ಲಿಯೇ ಕುಳಿತುಕೊಳ್ಳಬಹುದು. ಹರಡುವ ದಾರಿಯನ್ನು ಬಲ್ಲವರು ಎಚ್ಚರದಿಂದಿರುತ್ತಾರೆ. ಹರಡದ ದಾರಿಯನ್ನೂ ಬಲ್ಲವರು ಯಾರನ್ನೂ ದೂರವಿಡುವುದಿಲ್ಲ.