ಈರಪ್ಪ, ವೀರಪ್ಪ ಮತ್ತು ಸ್ಕಾಲರ್‌ಶಿಪ್

ಪ್ರಶ್ನೆ: ನಮ್ಮೂರಾಗ ಪಿಯುಸಿ ಪಾಸಾದ ಹುಡುಗ್ರು ಅದಾರ, ಸರ್ಕಾರದ ಸ್ಕಾಲರ್‌ಶಿಪ್ಪೂ ಐತಿ. ಆದ್ರ ಭಾಳ ಮಂದಿ ಅರ್ಜೀನ ಹಾಕಂಗಿಲ್ಲ. ಹಾಕಿದವರಾಗೂ ಎಷ್ಟೋ ಮಂದಿಗೆ ರೊಕ್ಕ ಬರಂಗಿಲ್ಲ. ಇದು ಮಾಹಿತಿ ಕೊರತೀನೋ, ನಮ್ಮ ಮಂದಿ ಆಲಸ್ಯಾನೋ?
– ಓದುಗರು, ತಿರ್ಲಾಪುರ, ನವಲಗುಂದ ತಾಲ್ಲೂಕು

ಉತ್ತರ: ಆಲಸ್ಯ ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಮಾಹಿತಿಗೂ ಈಗ ಅಂಥ ಬರವಿಲ್ಲ. ಅರ್ಜಿಯ ಕೊನೇ ದಿನಾಂಕ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಸಲ ಸುತ್ತುತ್ತದೆ. ನಿಮ್ಮೂರಿನ ಹುಡುಗರು ಎಡವುವುದು ಬಹಳ ಸಲ ಅಪ್ಪನ ಹೆಸರಿನಲ್ಲಿ.

ಮಗಳ ಅಂಕಪಟ್ಟಿಯಲ್ಲಿ ಅಪ್ಪ ‘ಈರಪ್ಪ’. ಆಧಾರ್‌ನಲ್ಲಿ ‘ವೀರಪ್ಪ’. ಹೊಲದ ಉತಾರದಲ್ಲಿ ‘ವೀರಭದ್ರಪ್ಪ’. ಕಟ್ಟೆಗೆ ಕೂತವರಿಗೆ ಇವರೆಲ್ಲ ಒಬ್ಬನೇ ಈರ್ಯಾ. ಕಂಪ್ಯೂಟರಿಗೆ ಮೂವರು. ಮಗಳ ಹೆಸರಿನ ಕತೆಯೂ ಅಷ್ಟೇ: ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ಇಂಗ್ಲಿಷಿನ ಒಂದು ‘ಎಚ್’ ಹೆಚ್ಚು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರ ಇಲಾಖೆ ಹೀಗೆ ಹಲವು ಇಲಾಖೆಗಳ ಅರ್ಜಿ ಹೋಗುವುದು ಎಸ್‌ಎಸ್‌ಪಿ ಎಂಬ ರಾಜ್ಯದ ಸ್ಕಾಲರ್‌ಶಿಪ್ ತಾಣದ ಒಂದೇ ಬಾಗಿಲಿನಿಂದ. ಆ ಬಾಗಿಲಲ್ಲಿ ಆಧಾರ್, ಎಸ್ಸೆಸ್ಸೆಲ್ಸಿ ನೋಂದಣಿ, ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಒಂದಕ್ಕೊಂದು ತಾಳೆಯಾಗಬೇಕು. ಪ್ರವೇಶದ ದಿನ ಮಾಸ್ತರರು ಕಿವಿಗೆ ಬಿದ್ದಂತೆ ಬರೆದುಕೊಂಡ ಒಂದು ಹೆಸರು ಹನ್ನೆರಡು ವರ್ಷ ಬಿಟ್ಟು ಹೀಗೆ ಕಾಲಿಗೆ ತೊಡರುತ್ತದೆ.

ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯಸ್ಸು. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಸರಿಯಾಗಿ ಡಿಗ್ರಿ ಸೇರುವ ವರ್ಷ ತೀರುತ್ತದೆ. ಕಾಲೇಜು ಶುರುವಾದ ಮೇಲೆ ಹೊಸದು ಮಾಡಿಸುವ ಓಡಾಟ ಬೀಳುವುದು ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹಂಗಾಮಿನಲ್ಲಿ. ಮೋಡ ಕವಿದಿದೆ, ಕಾಯಿ ಸಿಡಿಯುವ ಮೊದಲು ರಾಶಿ ಮನೆ ಸೇರಬೇಕು. ಅಂಥ ದಿನ ಒಂದು ಆಳು ಬಿಟ್ಟು ನಾಡಕಚೇರಿಗೆ ಹೋದರೆ ‘ಸರ್ವರ್ ಇಲ್ಲ, ನಾಳೆ ಬರ್ರಿ’. ನಾಳೆ ಹೋಗದವನನ್ನು ಆಲಸಿ ಅನ್ನಬೇಕೇ?

ಹೊಲದ ವಿಷಯ ಇನ್ನೂ ಗೋಜಲು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸದರಲ್ಲಿ ರೈತ ವಿದ್ಯಾನಿಧಿ ತಂದರು. ಡಿಗ್ರಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ಎಂಜಿನಿಯರಿಂಗ್, ಮೆಡಿಕಲ್ ಆದರೆ 10,000 ಮತ್ತು 11,000 ಎಂದು ಗೊತ್ತುಮಾಡಿದರು. ರೈತನ ಮಕ್ಕಳು ಎಂದು ಗುರುತು ಹಿಡಿಯುವುದು ರೈತರ ನೋಂದಣಿಯ ‘ಫ್ರೂಟ್ಸ್’ ಐಡಿಯಿಂದ. ಐಡಿಗೆ ಉತಾರ ಬೇಕು. ಉತಾರ ನೋಡಿದರೆ ಇನ್ನೂ ತೀರಿಹೋದ ಮುತ್ಯಾನ ಹೆಸರಲ್ಲೇ. ಅಣ್ಣತಮ್ಮಂದಿರು ಕೂಡಿ ವಾರಸಾ ಮಾಡಿಸಿಲ್ಲ. ಲಾವಣಿ ಹಾಕಿಕೊಂಡು ಉಳುವವನ ಬಳಿ ಉತಾರವೇ ಇಲ್ಲ. ಎರಿ ಹೊಲದ ಕೆಸರಿನಲ್ಲಿ ಮೊಣಕಾಲತನಕ ಹೂತವನು ಕಾಗದದಲ್ಲಿ ರೈತನಲ್ಲ! ಮುಂದೆ ಈ ಯೋಜನೆಯನ್ನು ಕೃಷಿ ಕೂಲಿಕಾರರ, ನೇಕಾರರ, ಮೀನುಗಾರರ, ಆಟೋ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಅದು ಒಳ್ಳೆಯದೇ ಆಯಿತು.

ಎಲ್ಲ ದಾಟಿ ಅರ್ಜಿ ಮಂಜೂರಾಯಿತು ಅನ್ನಿ. ರೊಕ್ಕ ಬೀಳುವುದು ನೀವು ಕಾಲೇಜಿಗೆ ಕೊಟ್ಟ ಪಾಸ್‌ಬುಕ್ಕಿಗಲ್ಲ. ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. ಯಾವುದೋ ಸಿಮ್ ಕೊಳ್ಳುವಾಗ ತೆರೆದುಕೊಂಡ ಪೇಮೆಂಟ್ಸ್ ಬ್ಯಾಂಕ್ ಖಾತೆ ಅದಾಗಿರಬಹುದು, ಹುಡುಗಿಗೆ ನೆನಪೇ ಇರುವುದಿಲ್ಲ. ಬ್ಯಾಂಕುಗಳೂ ಹೆಸರು ಬದಲಿಸುತ್ತ ಬಂದಿವೆ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಅದೂ 2025ರ ಮೇ 1ರಂದು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಅವ್ವನ ಬಾಯಲ್ಲಿ ಅದು ಈಗಲೂ ‘ಮಲಪ್ರಭಾ ಬ್ಯಾಂಕು’.

ಮಾಹಿತಿ ಕೊಟ್ಟರೆ ಸಾಕೇ ಎಂಬುದನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಲ್ಲಿನ ಕಾಲೇಜು ನೆರವಿನ ಅರ್ಜಿ ಎಫ್‌ಎಎಫ್‌ಎಸ್‌ಎ. ಅದೂ ತಲೆ ಕೆಡಿಸುವಂಥದ್ದೇ. ಒಹಾಯೊ, ನಾರ್ತ್ ಕೆರೊಲೈನಾ ರಾಜ್ಯಗಳಲ್ಲಿ ತೆರಿಗೆ ಲೆಕ್ಕ ಬರೆಸಲು ಬಂದ ಬಡ ಕುಟುಂಬಗಳಲ್ಲಿ ಕೆಲವರಿಗೆ ಅಲ್ಲೇ ಕೂರಿಸಿ ಅರ್ಜಿ ತುಂಬಿಸಿದರು, ಕೆಲವರಿಗೆ ಬರೀ ಮಾಹಿತಿ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅರ್ಜಿ ತುಂಬಿಸಿಕೊಂಡ ಮನೆಗಳ ಹೈಸ್ಕೂಲು ಮುಗಿಸುತ್ತಿದ್ದ ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಓದಿದವರ ಪ್ರಮಾಣ ಶೇ 28ರಿಂದ ಶೇ 36ಕ್ಕೆ ಏರಿತು. ಬರೀ ಮಾಹಿತಿ ಪಡೆದವರಲ್ಲಿ ಏನೂ ಬದಲಾಗಲಿಲ್ಲ. ಹಾಗಾಗಿ ಪಂಚಾಯ್ತಿಯ ಗೋಡೆಗೆ ಇನ್ನೊಂದು ಪೋಸ್ಟರ್ ಹಚ್ಚುವುದರಲ್ಲಿ ನನಗೆ ನಂಬಿಕೆಯಿಲ್ಲ. ಪಕ್ಕದಲ್ಲಿ ಕೂತು ತುಂಬಿಸುವ ಒಬ್ಬರು ಬೇಕು.

ಆ ಒಬ್ಬರು ನೀವೇ ಆಗಬಹುದು. ನಿಮ್ಮೂರಲ್ಲಿ ಈ ವರ್ಷ ಹತ್ತನೇ ಕ್ಲಾಸಿನಲ್ಲಿರುವ ಮಕ್ಕಳ ಮನೆಗೆ ಹೋಗಿ, ಆಧಾರ್, ಶಾಲೆಯ ದಾಖಲೆ, ಆರ್‌ಡಿ ನಂಬರಿನ ಪ್ರಮಾಣಪತ್ರ ಮೂರನ್ನೂ ಹಾಸಿಗೆಯ ಮೇಲೆ ಹರವಿ ಅಕ್ಷರ ಅಕ್ಷರ ಓದಿ. ಅಂಕಪಟ್ಟಿ ಅಚ್ಚಾಗುವ ಮೊದಲು ಶಾಲೆಯಲ್ಲಿ ತಿದ್ದಿಸುವುದು ಸುಲಭ, ಆಮೇಲೆ ಕಷ್ಟ. ಆಧಾರ್ ಮೊಬೈಲ್ ನಂಬರು ಚಾಲ್ತಿಯಲ್ಲಿದೆಯೇ ಕೇಳಿ, ಇಲ್ಲದಿದ್ದರೆ ಓಟಿಪಿ ಸತ್ತ ಸಿಮ್ಮಿಗೆ ಹೋಗುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಮೈಆಧಾರ್ ತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಕಾಣುತ್ತದೆ. ಆಧಾರ್ ತಿದ್ದಿಸಲು ಹೋಗುವಾಗ ಅಂಕಪಟ್ಟಿ ಕೈಯಲ್ಲಿರಲಿ, ಅದರಲ್ಲಿರುವ ಕಾಗುಣಿತವನ್ನೇ ಬರೆಸಿ. ಹೆಸರು ತಿದ್ದಲು ಆಧಾರ್‌ನಲ್ಲಿ ಜೀವಮಾನಕ್ಕೆ ಸಿಗುವುದು ಎರಡೇ ಅವಕಾಶ.