ಹಳೇ ಕಾರಿನ ಮೈಲೇಜ್ ಎಲ್ಲಿ ಸೋರುತ್ತಿದೆ?

ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ಕಾರ್ಖಾನೆಯಿಂದ ಮೊದಲ ಸ್ಯಾಂಟ್ರೊ ಹೊರಬಂದದ್ದು 1998ರಲ್ಲಿ. ಆ ಹಳೇ ಮಾದರಿಯ ತಯಾರಿಕೆ 2014ರ ಕೊನೆಗೆ ನಿಂತುಹೋದರೂ ಚೆನ್ನೈ ಮಟ್ಟಿಗೆ ಅದು ಇಂದಿಗೂ ಊರಿನ ಕಾರೇ. ಐನಾವರಂ, ವೇಳಚೇರಿ, ಟಿ. ನಗರದ ಕನ್ನಡ ಮನೆಗಳಲ್ಲೂ ಇಂಥ ಕಾರುಗಳಿವೆ. ವಾರದ ದಿನಗಳಲ್ಲಿ ಸಂತೆ, ಸ್ಕೂಲು, ಆಸ್ಪತ್ರೆ. ಹಬ್ಬ ಬಂದರೆ ಬೆಂಗಳೂರು. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿರುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಹದಿನೈದು ವರ್ಷದ ಗಾಡಿ, ಇನ್ನೆಷ್ಟು ಕೊಟ್ಟೀತು!’

ಈ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಸವೆದು ಮೈಲೇಜ್ ಬೀಳುವುದು ತೀರಾ ಕೊನೆಯ ಕಾರಣ. ಅದಕ್ಕೆ ಮೊದಲು ಬೀಳುವುದು ಎರಡು ಸಾಮಾನ್ಯ ಸಂಗತಿಗಳಿಂದ: ಚಕ್ರಗಳು ಸಲೀಸಾಗಿ ಉರುಳುತ್ತಿರುವುದಿಲ್ಲ, ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿರುವುದಿಲ್ಲ. ಚೆನ್ನೈ ಬಿಸಿಲಲ್ಲಿ ಎಂಜಿನ್ ಬಿಸಿಯಾಗುವುದಿಲ್ಲವೇ ಎಂದು ಕೇಳಬೇಡಿ, ಅಲ್ಲಿಗೇ ಬರುತ್ತೇನೆ. ತಿಂಗಳಿಗೆ 800 ಕಿ.ಮೀ. ಓಡುವ ಕಾರು ಲೀಟರಿಗೆ 12 ಕೊಡುತ್ತಿದ್ದದ್ದು 14 ಕೊಟ್ಟರೆ ಒಂಬತ್ತೂವರೆ ಲೀಟರ್ ಉಳಿಯುತ್ತದೆ. ಸಣ್ಣ ಮೊತ್ತವಲ್ಲ. ಇಲ್ಲಿ ಹೇಳುವುದು ಸ್ಯಾಂಟ್ರೊಗೆ ಮಾತ್ರವಲ್ಲ. ಆಲ್ಟೊ, ಝೆನ್, ವ್ಯಾಗನ್‌ಆರ್‌ಗಳಿಗೂ ಅನ್ವಯಿಸುತ್ತದೆ.

ಮೊದಲು ಅಳೆಯಿರಿ

ಮುಳ್ಳು ನೋಡಿ ಅಂದಾಜಿಸುವುದು ಲೆಕ್ಕವಲ್ಲ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಪೈಪು ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ. ಮೊತ್ತ ಸರಿಮಾಡಲೆಂದು ಮತ್ತಷ್ಟು ಹಾಕಿಸಬೇಡಿ. ಓಡೋಮೀಟರ್ ಬರೆದಿಟ್ಟುಕೊಳ್ಳಿ. ಕನಿಷ್ಠ 300 ಕಿ.ಮೀ. ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಸಿಗುವುದೇ ಮೈಲೇಜ್. ಎರಡು ಮೂರು ಸಲದ ಸರಾಸರಿ ತೆಗೆದರೆ ನಂಬಬಹುದು.

ಬೆಂಗಳೂರಿಗೆ ಹೋಗುವಾಗಿನ ಲೆಕ್ಕವನ್ನಷ್ಟೇ ಹಿಡಿದು ಬೇಸರಪಡಬೇಡಿ. ಚೆನ್ನೈ ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು 900 ಮೀಟರಿನಷ್ಟು ಮೇಲಿದೆ. ಆಂಬೂರು, ಕೃಷ್ಣಗಿರಿ, ಹೊಸೂರು ದಾಟುತ್ತಾ ಹೋದಂತೆ ಕಾರು ಏರುತ್ತಲೇ ಇರುತ್ತದೆ. ಜನ, ಸಾಮಾನು ಸೇರಿ ಒಂದು ಟನ್ ದಾಟುವ ಕಾರನ್ನು ಅಷ್ಟೆತ್ತರಕ್ಕೆ ಒಯ್ಯಲು ಸರಿಸುಮಾರು ಒಂದು ಲೀಟರ್ ಪೆಟ್ರೋಲ್ ಹೆಚ್ಚಿಗೆ ಸುಡುತ್ತದೆ. ಹಿಂತಿರುಗುವಾಗ ಅದರಲ್ಲಿ ಒಂದಷ್ಟು ವಾಪಸ್ ಸಿಗುತ್ತದೆ. ಹೋಗಿಬರುವ ಎರಡೂ ದಾರಿಯನ್ನು ಸೇರಿಸಿಯೇ ಲೆಕ್ಕ ಹಾಕಿ.

ಚಕ್ರ ಸಲೀಸಾಗಿ ಉರುಳಲಿ

ಟಯರಿನ ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ಇರುತ್ತದೆ. ಟಯರಿನ ಮೈಮೇಲೆ ಅಚ್ಚಾದ ಸಂಖ್ಯೆ ಅದು ತಡೆಯಬಲ್ಲ ಗರಿಷ್ಠ ಒತ್ತಡ. ಅದನ್ನು ಗುರಿಯಾಗಿ ಇಟ್ಟುಕೊಳ್ಳಬಾರದು. ಸ್ಟಿಕರಿನ ಸಂಖ್ಯೆ ತಣ್ಣಗಿನ ಟಯರಿಗೆ ಸಂಬಂಧಿಸಿದ್ದು. ಮೇ ತಿಂಗಳ ಮಧ್ಯಾಹ್ನ ಓಎಂಆರ್ ರಸ್ತೆಯಲ್ಲಿ ಓಡಿಬಂದ ಟಯರಿನಲ್ಲಿ ಒತ್ತಡ ಮೂರ್ನಾಲ್ಕು ಪಿಎಸ್‌ಐ ಏರಿರುತ್ತದೆ. ಬಂಕಿನ ಹುಡುಗ ಅದನ್ನು ಇಳಿಸಿ 30ಕ್ಕೆ ನಿಲ್ಲಿಸಿದರೆ ಮರುದಿನ ಬೆಳಿಗ್ಗೆ ಇರುವುದು 26 ಅಥವಾ 27. ಸ್ವಂತದ್ದೊಂದು ಗೇಜ್ ಕೊಂಡಿಟ್ಟುಕೊಂಡು, ಎರಡು ವಾರಕ್ಕೊಮ್ಮೆ ಬಿಸಿಲೇರುವ ಮುಂಚೆ ನೋಡಿ. ಸ್ಟೆಪ್ನಿಯನ್ನು ಮರೆಯಬೇಡಿ.

ಮುಂದಿನದು ಬ್ರೇಕು. ಚೆನ್ನೈಯ ಹಳೇ ಕಾರುಗಳಲ್ಲಿ ಹೆಚ್ಚು ಜನ ಗಮನಿಸದೆ ಬಿಡುವುದು ಇದನ್ನೇ. ತಿರುವಾನ್ಮಿಯೂರು, ಬೆಸೆಂಟ್ ನಗರದಂಥ ಕಡೆ ಕಡಲ ಉಪ್ಪುಗಾಳಿ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆ, ರಸ್ತೆಯಲ್ಲಿ ನಿಂತ ನೀರು. ಮುಂದಿನ ಕ್ಯಾಲಿಪರಿನ ಪಿನ್ನುಗಳೂ ಹಿಂದಿನ ಹ್ಯಾಂಡ್‌ಬ್ರೇಕ್ ಕೇಬಲ್ಲೂ ತುಕ್ಕು ಹಿಡಿದು, ಪೆಡಲ್ ಬಿಟ್ಟರೂ ಬ್ರೇಕು ಪೂರ್ತಿ ಬಿಡುವುದಿಲ್ಲ. ಆಗ ಕಾರು ಇಡೀ ದಿನ ಬ್ರೇಕಿನ ವಿರುದ್ಧವೇ ಓಡುತ್ತಿರುತ್ತದೆ.

ಪರೀಕ್ಷೆ ಸುಲಭ, ಅದಕ್ಕೆ ಈ ಊರಿನ ಸಮತಟ್ಟು ನೆಲವೇ ಅನುಕೂಲ. ಖಾಲಿ ಬೀದಿಯಲ್ಲಿ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಒಬ್ಬರು ಸ್ಟಿಯರಿಂಗ್ ಹಿಡಿದಿರುವಾಗ ಮತ್ತೊಬ್ಬರು ಹಿಂದಿನಿಂದ ತಳ್ಳಿ. ಒಬ್ಬರ ಬಲಕ್ಕೆ ಸ್ಯಾಂಟ್ರೊ ಕದಲಬೇಕು. ಇನ್ನೊಂದು ದಾರಿ: ಬ್ರೇಕು ಹೆಚ್ಚು ತುಳಿಯದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಹೊಡೆದರೆ ಆ ಬ್ರೇಕು ಹಿಡಿದಿದೆ. ಪಿನ್ನು ಬಿಚ್ಚಿ ತೊಳೆದು, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚುವಂತೆ ಮೆಕ್ಯಾನಿಕ್‌ಗೆ ಹೇಳಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹೊಂಡಗಳಿಗೆ ಬಿದ್ದೆದ್ದ ಮಳೆಗಾಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿ.

ಥರ್ಮೋಸ್ಟಾಟ್ ಇದೆಯೇ ಎಂದು ಕೇಳಿ

‘ಈ ಊರಿನ ಬಿಸಿಲಿಗೆ ಇದು ಬೇಡ ಸಾರ್’ ಎಂದು ಥರ್ಮೋಸ್ಟಾಟನ್ನು ತೆಗೆದು ಬಿಸಾಡುವ ಅಭ್ಯಾಸ ರಸ್ತೆಬದಿಯ ಮೆಕ್ಯಾನಿಕ್‌ಗಳಲ್ಲಿ ಬಹಳ ಹಳೆಯದು. ಕಾರು ಬಿಸಿಯೇರಿ ನಿಲ್ಲಬಾರದೆಂಬ ಕಾಳಜಿಯಿಂದಲೇ ಮಾಡುತ್ತಾರೆ. ಆದರೆ ಅದರ ಬೆಲೆಯನ್ನು ಪ್ರತಿ ಲೀಟರಿನಲ್ಲೂ ತೆರುವವರು ನೀವು.

ಎಂಜಿನ್ನಿನ ನೀರು ರೇಡಿಯೇಟರಿಗೆ ಹೋಗುವ ಹಾದಿಯಲ್ಲಿರುವ ಸಣ್ಣ ಕವಾಟ ಇದು. ನೀರು ಸುಮಾರು 80 ಡಿಗ್ರಿ ದಾಟುವವರೆಗೆ ಮುಚ್ಚಿಕೊಂಡಿದ್ದು ಎಂಜಿನ್ ಬೇಗ ಕಾಯುವಂತೆ ಮಾಡುತ್ತದೆ, ಆಮೇಲೆ ತೆರೆದುಕೊಳ್ಳುತ್ತದೆ. ಹೊರಗೆ 38 ಡಿಗ್ರಿ ಬಿಸಿಲಿದ್ದರೂ ಎಂಜಿನ್ನಿನ ಲೆಕ್ಕದಲ್ಲಿ ಅದು ತಣ್ಣಗೇ. ಕವಾಟವಿಲ್ಲದಿದ್ದರೆ ನೀರು ಸದಾ ರೇಡಿಯೇಟರಿನಲ್ಲಿ ಸುತ್ತುತ್ತಾ ಎಂಜಿನ್ ಕಾಯಲು ಬಹಳ ಹೊತ್ತು ಹಿಡಿಯುತ್ತದೆ, ಐದಾರು ಕಿ.ಮೀ. ಓಡಾಟದಲ್ಲಿ ಕಾಯುವುದೇ ಇಲ್ಲ. ಎಂಪಿಎಫ್‌ಐ ಕಾರಿನಲ್ಲಿ, ಅಂದರೆ ಕಾರ್ಬುರೇಟರಿನ ಬದಲು ಕಂಪ್ಯೂಟರೇ ಪೆಟ್ರೋಲ್ ಅಳೆದು ಕೊಡುವ ಕಾರಿನಲ್ಲಿ, ಆ ಕಂಪ್ಯೂಟರ್ ನೀರಿನ ಸೆನ್ಸರ್ ನೋಡಿ ‘ಇನ್ನೂ ತಣ್ಣಗಿದೆ’ ಎಂದು ತಿಳಿದು ಪೆಟ್ರೋಲನ್ನು ಹೆಚ್ಚಾಗಿಯೇ ಸುರಿಯುತ್ತಿರುತ್ತದೆ. ಆಯಿಲ್ ದಪ್ಪಗೇ ಉಳಿದು ಎಂಜಿನ್ನಿನ ಸವೆತವೂ ಹೆಚ್ಚುತ್ತದೆ.

ಬೆಳಿಗ್ಗೆ ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿ. ರೇಡಿಯೇಟರಿನ ಮೇಲ್ಭಾಗಕ್ಕೆ ಬರುವ ದಪ್ಪ ರಬ್ಬರ್ ಪೈಪನ್ನು ಫ್ಯಾನಿಗೂ ಬೆಲ್ಟಿಗೂ ಕೈ ತಾಗದಂತೆ ಆಗಾಗ ಮುಟ್ಟಿ ನೋಡಿ. ಕೆಲವು ನಿಮಿಷ ತಣ್ಣಗಿದ್ದು ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಇದೆ, ಕೆಲಸವನ್ನೂ ಮಾಡುತ್ತಿದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಅದು ಇಲ್ಲ, ಅಥವಾ ತೆರೆದೇ ನಿಂತಿದೆ. ಹೊಸದಕ್ಕೆ ಆಗುವ ಖರ್ಚು ದೊಡ್ಡದಲ್ಲ, ಹಾಕಿಸಿಬಿಡಿ. ಹಾಕಿದ ಮೇಲೆ ಎಂಜಿನ್ ನಿಜಕ್ಕೂ ಬಿಸಿಯೇರಿದರೆ ಕಾಯಿಲೆ ಬೇರೆ ಕಡೆ ಇದೆ: ಕಟ್ಟಿದ ರೇಡಿಯೇಟರ್, ತಿರುಗದ ಫ್ಯಾನ್, ಸಡಿಲವಾದ ಮುಚ್ಚಳ. ಬೋರ್‌ವೆಲ್ಲಿನ ಗಡಸು ನೀರು ಸುರಿದು ಸುರಿದು ರೇಡಿಯೇಟರಿನೊಳಗೆ ಪದರ ಕಟ್ಟಿರುತ್ತದೆ. ಕೂಲಂಟನ್ನು ಡಿಸ್ಟಿಲ್ಡ್ ವಾಟರಿನಲ್ಲೇ ಬೆರೆಸಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಉಳಿದ ಕೆಲಸಗಳು

ಸ್ಪಾರ್ಕ್ ಪ್ಲಗ್‌ಗಳನ್ನು ಎಂಜಿನ್ ಪೂರ್ತಿ ಆರಿದ ಮೇಲೆ ಬಿಚ್ಚಿ. ತುದಿ ತಿಳಿಕಂದು ಅಥವಾ ಬೂದುಬಣ್ಣ ಇದ್ದರೆ ಒಳ್ಳೆಯದು. ಕಪ್ಪು ಮಸಿ ಕಂಡರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಎಣ್ಣೆಯ ಜಿಡ್ಡು ಕಂಡರೆ ಮೆಕ್ಯಾನಿಕ್ ನೋಡಲಿ. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಅಲ್ಯುಮಿನಿಯಂ ಥ್ರೆಡ್ ಕೆಟ್ಟರೆ ರಿಪೇರಿ ದುಬಾರಿ. ಎಂಜಿನ್ ಆಯಿಲ್ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಇರಲಿ. ಹಳೇ ಗಾಡಿಯೆಂದು ಇನ್ನೂ ದಪ್ಪದ್ದನ್ನು ಹಾಕಿದರೆ ಮೈಲೇಜ್ ಕಡಿಮೆಯಾಗುತ್ತದೆ.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಕಾರ್ಬುರೇಟರ್ ಇರುವ ಹಳೇ ಮಾರುತಿ 800ರಲ್ಲಿ ಅದು ಕಟ್ಟಿಕೊಂಡರೆ ಮೈಲೇಜ್ ಬೀಳುತ್ತದೆ. ಎಂಪಿಎಫ್‌ಐ ಕಾರಿನಲ್ಲಿ ಗಾಳಿ ಕಡಿಮೆಯಾದಂತೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುವುದರಿಂದ ಮೈಲೇಜಿಗಿಂತ ಎಳೆತಕ್ಕೇ ಹೆಚ್ಚು ಪೆಟ್ಟು. ಮೆಟ್ರೊ ಕಾಮಗಾರಿಯ ಧೂಳಿನಲ್ಲಿ ಓಡಾಡುವವರು ಫಿಲ್ಟರನ್ನು ಬೇಗ ಬದಲಿಸಿ, ಆದರೆ ಅದೊಂದರಿಂದಲೇ ಪವಾಡ ನಿರೀಕ್ಷಿಸಬೇಡಿ. ಪೆಟ್ರೋಲ್ ಪೈಪಿಗೆ ಸಿಕ್ಕಿಸುವ ಅಯಸ್ಕಾಂತ, ಟ್ಯಾಂಕಿಗೆ ಸುರಿಯುವ ‘ಮೈಲೇಜ್ ಟಾನಿಕ್’ಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಏಸಿ ಇಲ್ಲದೆ ಇಲ್ಲಿ ಆಗದು. ಮುಂದಿನ ಜಾಲರಿಯ ಹಿಂದಿರುವ ಕಂಡೆನ್ಸರನ್ನು ಮೆಲ್ಲನೆಯ ನೀರಿನಿಂದ ತೊಳೆಸಿ. ಬಿಸಿಲಲ್ಲಿ ನಿಂತ ಕಾರಿನ ಕಿಟಕಿ ತೆರೆದು ಒಂದು ನಿಮಿಷ ಓಡಿಸಿ ಆಮೇಲೆ ಏಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಸ್ವಲ್ಪ ಕೊರತೆ ಉಳಿಯುತ್ತದೆ, ಅದಕ್ಕೆ ಪೆಟ್ರೋಲೇ ಕಾರಣ. 2023ರಿಂದ ಬಂಕುಗಳಿಗೆ ಬರತೊಡಗಿದ ಇ20ಯಲ್ಲಿ ಐದನೇ ಒಂದು ಭಾಗ ಎಥೆನಾಲ್. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೀಟರಿಗೆ ಶೇ 6–7ರಷ್ಟು ಶಕ್ತಿ ಕಡಿಮೆ ಸಿಗುತ್ತದೆ. ಇದಕ್ಕೆ ಮೆಕ್ಯಾನಿಕ್‌ನನ್ನು ದೂರಬೇಡಿ. ನೋಡಬೇಕಾದ್ದು ಇಂಧನದ ರಬ್ಬರ್ ಪೈಪುಗಳನ್ನು. ಎಥೆನಾಲ್ ಹಳೇ ರಬ್ಬರನ್ನು ಕೆಡಿಸಬಲ್ಲದು. ಪೈಪು ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕಾರಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಅಂದೇ ಬದಲಿಸಿ. ಎಥೆನಾಲ್ ತಡೆಯುವ ಪೈಪೇ ಬೇಕೆಂದು ಕೇಳಿ.

ಹಳೇ ಬಿಡಿಭಾಗ ಸಿಗುವ ಪುದುಪೇಟೆಯಲ್ಲಿ ಹಳೇ ಕನ್ನಡಿ, ಬಾಗಿಲ ಹಿಡಿ, ಬಂಪರ್ ಕೊಳ್ಳಿ, ತಪ್ಪಿಲ್ಲ. ಥರ್ಮೋಸ್ಟಾಟ್, ಬ್ರೇಕಿನ ಭಾಗ, ಪೆಟ್ರೋಲ್ ಪೈಪುಗಳನ್ನು ಮಾತ್ರ ಹೊಸದನ್ನೇ ಬಿಲ್ ಸಮೇತ ತನ್ನಿ. ಸ್ಯಾಂಟ್ರೊದಲ್ಲಿ 999 ಸಿಸಿ, 1086 ಸಿಸಿ ಎರಡೂ ಎಂಜಿನ್ ಬಂದಿವೆ. ಆರ್‌ಸಿಯ ಪ್ರತಿ ಮತ್ತು ಬಿಚ್ಚಿದ ಹಳೇ ಭಾಗ ಎರಡನ್ನೂ ಅಂಗಡಿಗೆ ಒಯ್ಯಿರಿ.