ಪ್ರಶ್ನಾವಳಿ ಹಿಡಿದು ಊರಿಗೆ ಹೊರಡುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಮನಃಶಾಸ್ತ್ರ, ಆಪ್ತಸಮಾಲೋಚನೆ ಓದುವ ಮಕ್ಕಳನ್ನು ಕಂಡರೆ ನನಗೆ ಹಿಗ್ಗು. ಎರಡನೇ ವರ್ಷಕ್ಕೆ ಬಂದ ಕೂಡಲೇ ಅವರಿಗೆ ಕಿರುಪ್ರಬಂಧದ ಚಿಂತೆ ಹತ್ತುತ್ತದೆ. ಸಮಾಲೋಚನೆಯಲ್ಲಿ ಎದುರಿನವರ ನೋವು ಇಳಿಯಲಿ ಎಂದು ಕೇಳುತ್ತೀರಿ. ಸಂಶೋಧನೆಯಲ್ಲಿ ನಿಮಗೆ ಗೊತ್ತಿಲ್ಲದ್ದು ಗೊತ್ತಾಗಲಿ ಎಂದು ಕೇಳುತ್ತೀರಿ. ಈ ವ್ಯತ್ಯಾಸ ನಿಮಗೂ ತಿಳಿದಿರಬೇಕು, ನಿಮ್ಮೆದುರು ಕೂತವರಿಗೂ ತಿಳಿದಿರಬೇಕು. ಕೆಳಗಿನ ಮಾತುಗಳೆಲ್ಲ ಅದರ ಸುತ್ತಲಿನವೇ.

• ಪ್ರಶ್ನೆ ಸಣ್ಣದಿರಲಿ, ನಿಮ್ಮ ಸೀಮೆಯದ್ದಿರಲಿ. ‘ರೈತರ ಮಾನಸಿಕ ಆರೋಗ್ಯ’ ಎಂಬುದು ವಿಷಯದ ಹೆಸರಾಯಿತು, ಪ್ರಶ್ನೆಯಾಗಲಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ನೇಕಾರರ ಮನೆಗಳಿಗೆ ನೀರು ನುಗ್ಗಿತು. ಆ ಮನೆಗಳವರು ಈಗ ಜೋರು ಮಳೆಯ ರಾತ್ರಿ ಹೇಗೆ ಕಳೆಯುತ್ತಾರೆ? ಇದು ಪ್ರಶ್ನೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತಿನ ಹಿಂದಿನ ದಿನ ಸಂಘದ ಹೆಣ್ಣುಮಕ್ಕಳ ಮನಸ್ಸು ಹೇಗಿರುತ್ತದೆ? ಇದೂ ಪ್ರಶ್ನೆಯೇ. ಎಂಎ ಮಟ್ಟದ ಗುಣಾತ್ಮಕ ಅಧ್ಯಯನಕ್ಕೆ ಆರೆಂಟು ಜನರ ಆಳವಾದ ಸಂದರ್ಶನ ಸಾಕು. ನೂರು ಜನರಿಂದ ಫಾರ್ಮ್ ತುಂಬಿಸಿಕೊಂಡು ಬಂದು, ಅದರಿಂದ ಏನು ತಿಳಿಯಬೇಕಿತ್ತು ಎಂದು ಆಮೇಲೆ ಯೋಚಿಸಬೇಡಿ.

• ಮೊದಲು ಓದಿ. ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಒಂದು ಹಳೆಯ ಪುಸ್ತಕವನ್ನಂತೂ ಹುಡುಕಿ ಓದಿ: ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’, 1976ರದ್ದು. ಉಡುಪಿ ಸೀಮೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ಮಾನಸಿಕ ಸಂಕಟವನ್ನು ಅವರು ಅಧ್ಯಯನ ಮಾಡಿದರು. ಹೊರದೇಶದ ಪ್ರಶ್ನಾವಳಿಯನ್ನು ಇದ್ದಂತೆಯೇ ತಂದು ಹಚ್ಚದೆ, ಭಾರತದ ಜನರಿಗೆ ಹೊಂದುವ ಸಂದರ್ಶನ ಕ್ರಮವನ್ನೇ ಕಟ್ಟಿಕೊಂಡರು. ಜನ ವೈದ್ಯರ ಹತ್ತಿರ ಮಾತ್ರ ಹೋಗುವುದಿಲ್ಲ, ಮಂತ್ರವಾದಿ ಮತ್ತು ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರವೂ ಹೋಗುತ್ತಾರೆ ಎಂಬುದನ್ನು ಲೆಕ್ಕಕ್ಕೆ ತಗೊಂಡರು. ಇವತ್ತಿಗೂ ಆ ಶ್ರದ್ಧೆ ಅಪರೂಪವೆಂದೇ ನನ್ನ ಎಣಿಕೆ.

• ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ತನಕ ಒಬ್ಬರನ್ನೂ ಸಂದರ್ಶಿಸಬೇಡಿ. ಐಸಿಎಂಆರ್‌ನ 2017ರ ಸಂಶೋಧನಾ ನೈತಿಕತೆಯ ಮಾರ್ಗಸೂಚಿ ತರಿಸಿಕೊಂಡು ಕೂತು ಓದಿ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಹದಿನೆಂಟು ತುಂಬದವರಾದರೆ ಪಾಲಕರ ಒಪ್ಪಿಗೆಯ ಜತೆಗೆ ಮಗುವಿನ ಸಮ್ಮತಿಯೂ ಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕು. ‘ನೀವು ಹೇಳಿದ್ದು ಯಾರಿಗೂ ಹೇಳುವುದಿಲ್ಲ’ ಎಂದು ಆಣೆ ಮಾಡುವ ಮೊದಲು ಇದನ್ನು ನೆನೆದು, ಗುಟ್ಟಿನ ಮಿತಿಯನ್ನು ಆರಂಭದಲ್ಲೇ ತಿಳಿಸಿ.

• ಸವದತ್ತಿಯ ಎಲ್ಲಮ್ಮನ ಗುಡ್ಡದ ಮೇಲೆ ಪ್ರಬಂಧ ಬರೆಯುವ ಆಸೆ ಅನೇಕರಿಗೆ. ಬರೆಯಿರಿ, ಆದರೆ ಎರಡು ಸಂಗತಿ ತಿಳಿದು ಹೋಗಿ. ಭಾರತ ಹುಣ್ಣಿಮೆಯ ಜಾತ್ರೆಗೆ ಬಂದವರನ್ನು ಮಾತಾಡಿಸಿ ‘ಸವದತ್ತಿ ತಾಲ್ಲೂಕಿನ ಮಹಿಳೆಯರು’ ಎಂದು ಬರೆಯುವಂತಿಲ್ಲ. ಅಲ್ಲಿಗೆ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಎರಡನೆಯದು ಇನ್ನೂ ಗಂಭೀರ. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆಮೇಲೆ ರಾಜ್ಯ ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಮತ್ತೊಮ್ಮೆ ದೇವದಾಸಿ ಮಹಿಳೆಯರ ಸಮೀಕ್ಷೆ ಮಾಡಿಸಿತು. ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹಾಳೆ-ಪೆನ್ನು ಹಿಡಿದು ನೀವು ಹೊಸ್ತಿಲಿಗೆ ಬಂದರೆ ಆ ತಾಯಿಯ ಮನಸ್ಸಿನಲ್ಲಿ ಮೊದಲು ಏಳುವುದು ಪಟ್ಟಿ. ಅವರು ಕೊಡುವ ಉತ್ತರವೂ ಪಟ್ಟಿಗೆ ತಕ್ಕಂತೆ ಇರಬಹುದು. ‘ಅವ್ವಾ, ಇದರಿಂದ ನಿಮಗ ರೊಕ್ಕ ಬರೂದಿಲ್ಲ, ಮನಿ ಬರೂದಿಲ್ಲ, ನಾ ಕಲಿಯಾಕ ಬಂದೀನಿ, ಬ್ಯಾಡ ಅಂದ್ರ ಹೊಳ್ಳಿ ಹೋಗ್ತೀನಿ’ ಎಂದು ಅವರ ಮಾತಿನಲ್ಲೇ ಹೇಳಿ. ಬ್ಯಾಡ ಅಂದರೆ ನಿಜವಾಗಿಯೂ ಹೊಳ್ಳಿ ಬನ್ನಿ.

• ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಕೇಳುವುದು ‘ಯಾವೂರು? ಯಾರ ಪೈಕಿ?’ ನೀವು ಕೊಡುವ ಉತ್ತರದ ಮೇಲೆ ಮುಂದಿನ ಮಾತು ನಿಂತಿರುತ್ತದೆ. ನಿಮ್ಮ ಜಾತಿ, ಮನೆತನ, ಹೆಣ್ಣೋ ಗಂಡೋ, ಮದುವೆಯಾಗಿದೆಯೋ ಇಲ್ಲವೋ, ಎಲ್ಲವೂ ಸಂದರ್ಶನದೊಳಗೆ ಬಂದು ಕೂರುತ್ತವೆ. ಅವತ್ತು ರಾತ್ರಿಯೇ ಡೈರಿಯಲ್ಲಿ ಬರೆದಿಡಿ: ಯಾರು ಬಾಗಿಲಲ್ಲಿ ನಿಂತಿದ್ದರು, ಅತ್ತೆ ಒಳಗೆ ಬಂದ ಕೂಡಲೇ ಸೊಸೆಯ ಮಾತು ಎಲ್ಲಿಗೆ ತಿರುಗಿತು, ಚಹಾ ಕೊಟ್ಟರೋ ಇಲ್ಲವೋ. ವಿಶ್ಲೇಷಣೆಗೆ ಕೂತಾಗ ಈ ಡೈರಿ ರೆಕಾರ್ಡಿಂಗ್‌ನಷ್ಟೇ ಕೆಲಸಕ್ಕೆ ಬರುತ್ತದೆ.

• ಹಂಗಾಮು ನೋಡಿ ಹೋಗಿ. ಬಿತ್ತಿಗೆ, ಹತ್ತಿ ಬಿಡಿಸುವುದು, ಕಬ್ಬು ಕಡಿಯುವ ದಿನಗಳಲ್ಲಿ ಹಗಲು ಮನೆಯಲ್ಲಿ ಸಿಗುವವರು ಮುದುಕರು ಮತ್ತು ಮಕ್ಕಳು.

• ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಬಳಸುವವರು ಇದೊಂದನ್ನು ನಿಧಾನವಾಗಿ ಓದಿ. ಅದರಲ್ಲಿ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಕಳೆದ ಎರಡು ವಾರಗಳ ಸಂಗತಿ ಕೇಳುತ್ತದೆ. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಫಾರ್ಮ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಬಂದು, ವಾರದ ಮೇಲೆ ಕಂಪ್ಯೂಟರಿಗೆ ತುಂಬುವಾಗ ಒಬ್ಬರು ಅಲ್ಲಿ 3 ಗುರುತು ಹಾಕಿದ್ದು ಕಂಡರೆ ಏನು ಮಾಡುತ್ತೀರಿ? ಆದ್ದರಿಂದ ಆ ಮನೆಯ ಜಗುಲಿ ಇಳಿಯುವ ಮೊದಲೇ ಒಂಬತ್ತನೆಯ ಉತ್ತರ ನೋಡಿ. ಸೊನ್ನೆ ಅಲ್ಲದಿದ್ದರೆ ಫಾರ್ಮ್ ಬದಿಗಿಟ್ಟು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಅಪಾಯವಿದ್ದರೆ ಅವರನ್ನು ಒಬ್ಬರನ್ನೇ ಬಿಟ್ಟು ಬರಬೇಡಿ. ಅವರು ನಂಬುವ ಒಬ್ಬರನ್ನು ಕರೆಸಿ, ಮನೆಯಲ್ಲಿರುವ ಬೆಳೆಯ ಔಷಧಿ ಡಬ್ಬಿಗಳನ್ನು ಬೇರೆಯವರ ಸುಪರ್ದಿಗೆ ಕೊಡಿಸಿ, ಮಾರ್ಗದರ್ಶಕರಿಗೆ ಅಲ್ಲಿಂದಲೇ ಫೋನ್ ಮಾಡಿ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯಾಗುವ ತನಕ ಇರಿ. ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದು ಹೇಗೆ ಎಂಬುದನ್ನು ಅಧ್ಯಯನ ಶುರುವಾಗುವ ಮೊದಲೇ ಬರೆದಿಟ್ಟುಕೊಂಡಿರಿ. ಇಷ್ಟು ತಯಾರಿ ಇಲ್ಲದವರು ಒಂಬತ್ತನೆಯ ಪ್ರಶ್ನೆ ಕೇಳಕೂಡದು.

• ಅಳು ಬಂದರೆ ರೆಕಾರ್ಡರ್ ನಿಲ್ಲಿಸಿ. ಸುಮ್ಮನೆ ಕೂತಿರಿ. ಮುಂದುವರಿಸಬೇಕೋ ಬೇಡವೋ ಅವರೇ ಹೇಳಲಿ. ಸಮಾಲೋಚನೆ ಕಲಿತ ಕೈಗೆ ಅಲ್ಲಿಯೇ ಚಿಕಿತ್ಸೆ ಶುರು ಮಾಡುವ ತವಕ ಇರುತ್ತದೆ. ಒಂದೇ ದಿನ ಬಂದು ಹೋಗುವವರು ಹಳೆಯ ಗಾಯ ಬಿಚ್ಚಿಟ್ಟು ಎದ್ದರೆ ಅದನ್ನು ಮುಚ್ಚುವವರು ಯಾರು? ಸಹಾಯ ಬೇಕಾದವರನ್ನು ಸಹಾಯ ಸಿಗುವ ಕಡೆ ಮುಟ್ಟಿಸಿ. ನೀವೇ ಸಮಾಲೋಚನೆ ಮಾಡುತ್ತಿರುವವರನ್ನು ನಿಮ್ಮ ಅಧ್ಯಯನಕ್ಕೆ ಸೇರಿಸಿಕೊಳ್ಳಬೇಡಿ. ಅವರಿಗೆ ನಿಮ್ಮೆದುರು ಒಲ್ಲೆ ಎನ್ನುವುದು ಕಷ್ಟ.

• ಬರೆದಿಳಿಸುವಾಗ ಅವರ ಮಾತನ್ನು ತಿದ್ದಬೇಡಿ. ‘ನಿದ್ದಿ ಹತ್ತೂದಿಲ್ರಿ, ಎದಿ ಡವಡವ ಅಂತೈತಿ’ ಎಂದಿದ್ದರೆ ಹಾಗೆಯೇ ಇರಲಿ. ಅದಕ್ಕೆ ‘ಆತಂಕ’ ಎಂದು ಹೆಸರಿಡುವುದು ನಿಮ್ಮ ವ್ಯಾಖ್ಯಾನ, ಅದು ಬೇರೆ ಕಾಲಂನಲ್ಲಿ ಬರಲಿ. ಬ್ರೌನ್ ಮತ್ತು ಕ್ಲಾರ್ಕ್ ಥೀಮ್ ವಿಶ್ಲೇಷಣೆಯ ಬಗ್ಗೆ 2006ರಲ್ಲಿ ಬರೆದ ಲೇಖನ ಹಿಡಿದು ಸಂದರ್ಶನಗಳಲ್ಲಿ ಥೀಮ್ ಹುಡುಕುವವರು ಬಹಳ. ಥೀಮ್‌ಗಳು ತಾವಾಗಿ ಮೇಲೆದ್ದು ಬಂದವು ಎಂದು ಬರೆಯಬೇಡಿ ಎಂದು ಅದೇ ಲೇಖನ ಎಚ್ಚರಿಸುತ್ತದೆ. ಆರಿಸಿದವರು ನೀವು. ಯಾಕೆ ಆರಿಸಿದಿರಿ ಎಂದು ಹೇಳಿ.

• ಹೆಸರು ಬದಲಿಸಿದರೆ ಸಾಲದು. ‘ಕಿತ್ತೂರು ಹತ್ತಿರದ ಸಣ್ಣ ಹಳ್ಳಿಯ ವಿಧವೆ ಅಂಗನವಾಡಿ ಕಾರ್ಯಕರ್ತೆ’ ಎಂದು ಬರೆದರೆ ಇಡೀ ಊರಿಗೆ ಆಕೆ ಯಾರೆಂದು ಗೊತ್ತಾಗುತ್ತದೆ. ಊರು, ಉದ್ಯೋಗ, ವಯಸ್ಸಿನಲ್ಲಿ ಯಾವುದನ್ನು ಬಿಡಬೇಕೋ ಬಿಡಿ. ರೆಕಾರ್ಡಿಂಗ್ ಸ್ನೇಹಿತರ ವಾಟ್ಸಾಪಿಗೆ ಹೋಗಕೂಡದು, ಟೈಪ್ ಮಾಡಿಕೊಡುವ ಅಂಗಡಿಗೂ ಹೋಗಕೂಡದು.

• ನಿಮ್ಮ ನಿದ್ದೆಯೂ ಕೆಡುತ್ತದೆ. ಸಾವಿನ ಮನೆಗಳ ಸಂದರ್ಶನವಿದ್ದರೆ ದಿನಕ್ಕೆ ಒಂದೇ ಸಾಕು. ಮಾರ್ಗದರ್ಶಕರ ಹತ್ತಿರ ಅಂಕಿ-ಅಂಶದ ಮಾತಿನ ಜತೆಗೆ ಇದನ್ನೂ ಮಾತಾಡಿ.

• ವೈವಾ ಮುಗಿದ ಮೇಲೆ ಪ್ರಬಂಧ ಕಾಲೇಜಿನ ಕಪಾಟು ಸೇರುತ್ತದೆ. ಅದಕ್ಕೂ ಮೊದಲು ಎರಡು ಪುಟ ತಿಳಿಗನ್ನಡದಲ್ಲಿ ಬರೆದು, ಯಾರ ಗುರುತೂ ಸಿಗದಂತೆ ನೋಡಿಕೊಂಡು, ನಿಮ್ಮ ಜತೆ ಮಾತಾಡಿದವರಿಗೆ ಓದಿ ಹೇಳಿ. ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಒಂದೊಂದು ಪ್ರತಿ ಕೊಡಿ. ಊರಿನ ಗ್ರಂಥಾಲಯಕ್ಕೂ ಒಂದು ಕೊಡಿ.